ಇಟಲಿಯ ಸ್ಟ್ಯಾಂಡು

ಲೂಧಿಯಾನದಲ್ಲಿ ಕಳ್ಳರಿಗೇನೂ ಬರವಿಲ್ಲ. ಆದರೆ ಬಚಿತ್ತರ್ ಸಿಂಗನಷ್ಟು ಮರ್ಯಾದಸ್ಥ ಕಳ್ಳನನ್ನು ನಾನು ಕಂಡಿಲ್ಲ. ಪ್ರತಿವರ್ಷ ಸೈಕಲ್ ಮೇಳಕ್ಕೆ ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ನೀಲಿ ಪಗಡಿ ಬಿಗಿದು ಹೊರಡುತ್ತಿದ್ದ. ತೈವಾನಿನವರ ಮಳಿಗೆಯಲ್ಲಿ ಹೊಸ ಪೆಡಲೋ ಬ್ರೇಕೋ ಕಂಡರೆ ಕೈಗೆತ್ತಿಕೊಂಡು, ಮೊಮ್ಮಗುವಿನ ಕೆನ್ನೆ ಸವರಿದ ಹಾಗೆ ಸವರಿ, ತಲೆದೂಗಿ, ಇದ್ದಲ್ಲೇ ಇಟ್ಟು ಬರುತ್ತಿದ್ದ. ಅಷ್ಟೇ. ಅವನ ಬೆರಳ ಗೆಣ್ಣುಗಳೇ ಅಳತೆಪಟ್ಟಿ. ನಾಲ್ಕನೇ ದಿನಕ್ಕೆ ಅಂಥದೇ ಪೆಡಲು ಅವನ ಬೆಂಚಿನ ಮೇಲಿರುತ್ತಿತ್ತು, ತಿಂಗಳಾಗುವುದರೊಳಗೆ ಗಿಲ್ ರೋಡಿನ ಅಂಗಡಿಗಳಲ್ಲಿ.

ಅದನ್ನು ನಮ್ಮ ಓಣಿಯಲ್ಲಿ ಯಾರೂ ಕಳ್ಳತನ ಎನ್ನುತ್ತಿರಲಿಲ್ಲ, ಕೈಚಳಕ ಎನ್ನುತ್ತಿದ್ದೆವು. ಅವನು ಅಚ್ಚು ಮಾಡಿಕೊಟ್ಟರೆ ಒಬ್ಬ ಎರಕ ಹೊಯ್ಯುತ್ತಿದ್ದ, ಇನ್ನೊಬ್ಬ ರಂಧ್ರ ಕೊರೆಯುತ್ತಿದ್ದ, ಕೊನೆಗೆ ಮಾಲು ನನ್ನ ಪಾಲಿಶ್ ಅಂಗಡಿಗೆ ಬರುತ್ತಿತ್ತು. ಅವನ ನಕಲಿನ ಮೇಲೆ ಇಪ್ಪತ್ತು ಮನೆಗಳ ಒಲೆ ಉರಿಯುತ್ತಿತ್ತು.

ಅವನ ಹೆಂಡತಿ ಭಜನ್ ಕೌರ್ ಒಬ್ಬಳಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಒಂದು ದಿನ ನಾನು ಅವರ ಮನೆಯಲ್ಲಿ ಮೂಲಂಗಿ ಪರೋಟ ತಿನ್ನುತ್ತಿದ್ದಾಗ, ತೈವಾನಿನ ಹೊಸ ಬ್ರೇಕಿನ ನಕಲನ್ನು ಅವನು ಹೆಮ್ಮೆಯಿಂದ ತೋರಿಸಿದ. ಅವಳು ತಿರುಗಿಯೂ ನೋಡಲಿಲ್ಲ.

"ಮೂವತ್ತು ವರ್ಷ ಊರವರ ಎಂಜಲೇ ಆಯ್ತಲ್ರೀ. ಇದು ನಂದು ಅಂತ ತೋರ್ಸೋಕೆ ಒಂದಾದ್ರೂ ಇದ್ಯಾ ನಿಮ್ಮತ್ರ?"

ಅವನು ನಕ್ಕ. ಆದರೆ ತಟ್ಟೆಯಲ್ಲಿದ್ದ ಪರೋಟ ಹಾಗೇ ಉಳಿಯಿತು.

ಆಮೇಲಿನ ಎರಡೂವರೆ ವರ್ಷ ಅವನಿಗೆ ಬೇರೆ ಧ್ಯಾನವಿರಲಿಲ್ಲ. ಹಾಲಿನವರ ಸೈಕಲ್ಲು ಗೊತ್ತಲ್ಲ, ಎರಡು ಬದಿಗೂ ಹಾಲಿನ ಕ್ಯಾನು ತೂಗುಹಾಕಿರುತ್ತಾರೆ. ಒಂದನ್ನು ಇಳಿಸಿದರೆ ಇನ್ನೊಂದರ ಭಾರಕ್ಕೆ ಸೈಕಲ್ಲು ಮಗುಚಿ ಹಾಲೆಲ್ಲ ಚರಂಡಿಯ ಪಾಲು. ಬಚಿತ್ತರ್ ಇದಕ್ಕೊಂದು ಸ್ಟ್ಯಾಂಡು ಮಾಡಿದ. ಯಾವ ಬದಿಗೆ ಭಾರ ಹೆಚ್ಚಾಯಿತೋ ಆ ಬದಿಯ ಕಾಲು ತಾನಾಗಿ ಹೊರಕ್ಕೆ ಚಾಚಿಕೊಂಡು ನಿಲ್ಲುತ್ತಿತ್ತು. ಮೊದಲ ಸಲ ಅದು ನಿಂತಾಗ ಅವನು ನನ್ನ ಅಂಗಡಿಗೆ ಓಡಿ ಬಂದ. ಕಣ್ಣಲ್ಲಿ ನೀರಿತ್ತು.

"ಮೇವಾ, ಇದನ್ನ ನಾನು ಎಲ್ಲೂ ನೋಡಿಲ್ಲ ಕಣೋ! ವಾಹೆಗುರು ಆಣೆ, ಎಲ್ಲೂ ನೋಡಿಲ್ಲ!"

ಆ ವರ್ಷದ ಮೇಳಕ್ಕೆ ಅವನು ಮೊದಲ ಬಾರಿ ನೋಡುವವನಾಗಿ ಅಲ್ಲ, ತೋರಿಸುವವನಾಗಿ ಹೋದ. ಮೂಲೆಯಲ್ಲೊಂದು ಸಣ್ಣ ಮಳಿಗೆ ಹಿಡಿದೆವು. ಒಂದು ಸೈಕಲ್ಲು, ನೀರು ತುಂಬಿದ ಎರಡು ಕ್ಯಾನು, ಮಾರಾಟಕ್ಕೆ ಹನ್ನೆರಡು ಸ್ಟ್ಯಾಂಡು, ಅವನು ಮತ್ತು ನಾನು. ಬಂದವರೆಲ್ಲ ಕ್ಯಾನು ಇಳಿಸಿ, ಏರಿಸಿ, ಬೆರಗಾಗಿ, ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಉಸ್ತಾದ್, ಇದು ಯಾವ ದೇಶದ್ದರ ನಕಲು?"

"ಯಾವ ದೇಶದ್ದೂ ಅಲ್ಲ. ನಂದೇ."

"ನಿಂದೇನಾ? ಯಾವಾಗಿಂದ ಜಪಾನಿನವನಾದೆ ಪಾಜಿ?"

ನಗುತ್ತಿದ್ದರು, ಕೈ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಹೊರದೇಶದವರು ಪರೀಕ್ಷೆ ಮಾಡಿ ಬಿಟ್ಟದ್ದಾದರೆ ನಂಬಬಹುದು, ಪಕ್ಕದ ಓಣಿಯ ಮಿಸ್ತ್ರಿಯ ತಲೆಯಿಂದ ಬಂದದ್ದನ್ನು ಯಾರು ನಂಬುತ್ತಾರೆ? ಮೂರು ದಿನದ ಮೇಳದಲ್ಲಿ ಎರಡು ದಿನ ಹೀಗೇ ಕಳೆಯಿತು. ಬಚಿತ್ತರನ ಮುಖ ಬಾಡಿತು.

ಆಗ ಆ ಮಾತು ಹೇಳಿದವನು ನಾನೇ. ಬೇರೆ ಯಾರ ಮೇಲೂ ಹಾಕುವುದಿಲ್ಲ.

"ಇಟಲಿಯದ್ದು ಅನ್ನು. ನಿನ್ನ ಗಂಟೇನು ಹೋಗುತ್ತೆ? ಮಾಲು ಓಡ್ಲಿ, ಆಮೇಲೆ ನಿಜ ಹೇಳಿದ್ರಾಯ್ತು."

ಅಷ್ಟರಲ್ಲಿ ಲಾಲಾ ತಿಲಕರಾಜ ಬಂದರು. ಊರ ಅರ್ಧ ಓಣಿಗಳಿಗೆ ಕೆಲಸ ಕೊಡುವ ದೊಡ್ಡ ಕುಳ. ಸ್ಟ್ಯಾಂಡನ್ನು ಕಾಲಿನಿಂದ ತಟ್ಟಿ, ಎಲ್ಲಿಯದು ಎಂದು ಕೇಳಿದರು. ಬಚಿತ್ತರ್ ಒಂದು ಕ್ಯಾನು ಇಳಿಸಿ ತೋರಿಸಿದ.

"ಇಟಲಿಯವರದ್ದು ಲಾಲಾಜಿ. ನೋಡ್ಕೊಂಡು ಮಾಡಿದ್ದು."

"ಭೇಷ್! ನಿನ್ನ ಕಣ್ಣಿಗೆ ಸಮ ಇಲ್ಲ ಬಿಡು!" ಎಂದು ಬೆನ್ನು ತಟ್ಟಿ ಒಂದು ಮಾದರಿ ತೆಗೆದುಕೊಂಡು ಹೋದರು. ಸಂಜೆಯೊಳಗೆ ಮಿಕ್ಕ ಹನ್ನೊಂದೂ ಖಾಲಿ. ಎಲ್ಲರೂ ಅವನ ಕಣ್ಣನ್ನು ಹೊಗಳಿದರು.

ಮರುವರ್ಷ ಮೇಳಕ್ಕೆ ಕಾಲಿಟ್ಟರೆ, ಬಾಗಿಲ ಎದುರಿಗೇ ಲಾಲಾಜಿಯ ಮಳಿಗೆ. ದೀಪಗಳ ನಡುವೆ ತಿರುಗುವ ಪೀಠದ ಮೇಲೆ ಆ ಸ್ಟ್ಯಾಂಡು. ಮೇಲೆ ದೊಡ್ಡ ಹಲಗೆ: 'ಇಟಲಿಯ ತಂತ್ರಜ್ಞಾನ, ಈ ವರ್ಷದ ಹೊಸ ಬಗೆ.' ಬಚಿತ್ತರ್ ಮಂಡಿಯೂರಿ ಕೂತು ಅದರ ಕೆಳಗೆ ಬೆರಳಾಡಿಸಿದ. ಅವನು ಮೊದಲ ಅಚ್ಚು ಮಾಡುವಾಗ ಅರ ಜಾರಿ ಒಂದು ಅಂಚು ಓರೆಯಾಗಿತ್ತು. ಆ ಓರೆಯನ್ನೂ ಬಿಡದೆ ನಕಲು ಮಾಡಿದ್ದರು.

"ಲಾಲಾಜಿ, ಇದು ನಂದು," ಎಂದ. ಜನ ತಿರುಗಿ ನೋಡಿದರು.

ಲಾಲಾಜಿಗೆ ಸಿಟ್ಟೂ ಬರಲಿಲ್ಲ. "ಹೋದ ವರ್ಷ ನೀನೇ ಇಟಲಿಯದ್ದು ಅಂದೆ. ಈಗ ನಂದು ಅಂತೀಯ. ಯಾವ ಬಚಿತ್ತರನ್ನ ನಂಬ್ಲಿ ನಾನು? ನೀನು ನೋಡಿ ಮಾಡಿದ್ರೆ ಕೈಚಳಕ, ನಾನು ನೋಡಿ ಮಾಡಿದ್ರೆ ಕಳ್ಳತನನಾ?"

ಬಚಿತ್ತರ್ ನನ್ನ ಕಡೆ ತಿರುಗಿದ. "ಮೇವಾ, ಹೇಳೋ. ನೀನಿದ್ಯಲ್ಲ. ಎರಡೂವರೆ ವರ್ಷ ನೋಡಿದ್ಯಲ್ಲ."

ನಾನು ಹೇಳಲಿಲ್ಲ. ಆ ಪೀಠದ ಮೇಲಿದ್ದ ಸ್ಟ್ಯಾಂಡಿಗೆ ಪಾಲಿಶ್ ಹೊಡೆದವನು ನಾನೇ. ಮೂರು ತಿಂಗಳಿಂದ ಲಾಲಾಜಿಯ ಮಾಲು ನನ್ನ ಅಂಗಡಿಗೇ ಬರುತ್ತಿತ್ತು. ಮೊದಲ ಪೆಟ್ಟಿಗೆ ಬಿಚ್ಚಿದ ದಿನವೇ ಆ ಓರೆ ಅಂಚು ನನ್ನ ಕೈಗೆ ಸಿಕ್ಕಿತ್ತು, ಗೆಳೆಯನಿಗೆ ತಿಳಿಸದೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಲಾಲಾಜಿಯ ಮುಖ ನೋಡಿದೆ, ನೆಲ ನೋಡಿದೆ. ಬಚಿತ್ತರನಿಗೆ ಎಲ್ಲ ತಿಳಿಯಿತು. ಮಂಡಿಯ ಧೂಳು ಕೊಡವಿಕೊಂಡು ಎದ್ದು ಹೋದ.

ಆಮೇಲೆ ಅವನು ಮೇಳಕ್ಕೆ ಹೋಗಲಿಲ್ಲ. ಆರು ವರ್ಷ ಬದುಕಿದ. ಎದುರಾದರೆ ಸತ್ ಶ್ರೀ ಅಕಾಲ್ ಎನ್ನುತ್ತಿದ್ದ, ಅಷ್ಟೇ.

ಹೋದ ತಿಂಗಳು ಗುರುದ್ವಾರದಲ್ಲಿ ಅವನ ಆತ್ಮಶಾಂತಿಗೆ ಕೊನೆಯ ಪ್ರಾರ್ಥನೆ. ಓಣಿಯೆಲ್ಲ ನೆರೆದಿತ್ತು. ಸೈಕಲ್ ಬಿಡಿಭಾಗ ಮಾಡುವವರ ಸಂಘದ ಅಧ್ಯಕ್ಷರು ಎದ್ದು ನಿಂತು ಗದ್ಗದಿತರಾಗಿ ಹೇಳಿದರು: "ಇಟಲಿಯ ಸ್ಟ್ಯಾಂಡನ್ನ ಲೂಧಿಯಾನಕ್ಕೆ ಮೊದಲು ತಂದವರು ನಮ್ಮ ಬಚಿತ್ತರ್ ಸಿಂಗ್. ಅಂಥ ನಕಲುಗಾರ ಇನ್ನು ಹುಟ್ಟಲ್ಲ." ಜನ ಹೌದೆಂದು ತಲೆಯಾಡಿಸಿದರು.

ಹೆಂಗಸರ ಸಾಲಿನಿಂದ ಭಜನ್ ಕೌರ್ ತಲೆಯೆತ್ತಿ ನನ್ನನ್ನೇ ನೋಡಿದಳು. ಎದ್ದು ನಿಲ್ಲಲು ಒಂದು ಕ್ಷಣ ಸಾಕಿತ್ತು. ಅಷ್ಟರಲ್ಲಿ ಪ್ರಸಾದ ಹಂಚುವವನು ನನ್ನ ಮುಂದೆ ಬಂದು ಬಗ್ಗಿದ. ನಾನು ಎರಡೂ ಕೈ ಒಡ್ಡಿದೆ.