ಪಾರ್ಸೆಲ್‌ನ ದವಡೆಯ ಗಂಟು

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ದಿನವಿಡೀ ಕೇಳಿಸುವ ದನಿ ಮುರುಗೇಶಪ್ಪನದು. ದಾವಣಗೆರೆ, ಶಿವಮೊಗ್ಗ, ಚನ್ನಗಿರಿ ಎಂದು ಮೈಕಿನಲ್ಲಿ ಕೂಗುವ ಆ ದನಿ ಊರಿಗೆಲ್ಲ ಗೊತ್ತು, ಮುಖ ಗೊತ್ತಿರುವವರು ಕಡಿಮೆ. ಜಾಲರಿ ಕಿಟಕಿಯ ಹಿಂದೆ ಕೂತ ಈ ಮನುಷ್ಯನ ಹತ್ತಿರ ಯಾರಾದರೂ ಬರುವುದು ಬಸ್ಸು ತಡವಾದಾಗ ಬೈಯಲಿಕ್ಕೆ. "ಏನ್ರೀ ಕಂಟ್ರೋಲರ್ರೇ, ಚನ್ನಗಿರಿ ಬಸ್ ಬರತೈತೋ ಇಲ್ಲೋ?" ಎಂದು ಕೇಳುತ್ತಾರೆ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಹೋಗಿಬಿಟ್ಟಿರುತ್ತಾರೆ. ಊಟ ಆಯಿತೇ ಎಂದು ಕೇಳಿದವರಿಲ್ಲ. ಅವರಾದರೂ ಏನು ಮಾಡಿಯಾರು, ಬಸ್ಸು ಹಿಡಿಯಬೇಕಲ್ಲ.

ಮುರುಗೇಶಪ್ಪ ಜಗಳೂರು ಸೀಮೆಯವನು. ಅಪ್ಪ ಬೇಗ ಹೋದ ಮೇಲೆ ಇಬ್ಬರು ತಂಗಿಯರಿಗೆ ಗಂಡು ಹುಡುಕುವುದರಲ್ಲಿ ತನ್ನ ಮದುವೆಯ ವಯಸ್ಸು ಯಾವಾಗ ದಾಟಿತೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ, "ಬರ್ರಿ, ಹುಡುಗನ ಅಣ್ಣ ಏನ್ರೀ ನೀವು?" ಎಂದು ಕೇಳಿದರು. ಆ ಸಹವಾಸವೇ ಬೇಡವೆಂದು ಅಂದೇ ಕೈ ಮುಗಿದ. ತಂಗಿಯರು ಹಬ್ಬಕ್ಕೆ ಫೋನ್ ಮಾಡುತ್ತಾರೆ. "ಆರಾಮಿದೀಯೇನಣ್ಣ?" ಎಂದು ಕೇಳಿ ಇವನು ಹ್ಞೂಂ ಎನ್ನುವುದರೊಳಗೆ ಅವರ ಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಹೊಳೆಯ ಕಡೆಗಿನ ಓಣಿಯಲ್ಲಿ ಪ್ರೇಮಮ್ಮನವರ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದಾನೆ. ಒಂದು ಕೋಣೆ, ಒಂದು ಅಡುಗೆಮನೆ.

ಮೊಲ ಬಂದದ್ದು ದಾವಣಗೆರೆ ಬಸ್ಸಿನಲ್ಲಿ. ಯಾರೋ ಇಳಿಯುವ ಅವಸರದಲ್ಲಿ ತೂತು ಕೊರೆದ ರಟ್ಟಿನ ಡಬ್ಬಿಯೊಂದನ್ನು ಹಿಂದಿನ ಸೀಟಿನ ಕೆಳಗೆ ಬಿಟ್ಟಿದ್ದರು. ಕಂಡಕ್ಟರ್ ತಿಪ್ಪೇಶ್ ಅದನ್ನು ತಂದು ಮೇಜಿನ ಮೇಲಿಟ್ಟ. "ಸಾರ್, ಯಾರೋ ಪಾರ್ಸೆಲ್ ಬಿಟ್ಟು ಹೋಗ್ಯಾರೆ. ಒಳಗೆ ಏನೋ ಅಳ್ಳಾಡಾಕತ್ತೈತೆ." ಮೈಕಿನಲ್ಲಿ ಎಷ್ಟು ಕೂಗಿದರೂ ವಾರಸುದಾರರ ಪತ್ತೆಯಿಲ್ಲ. ಸಂಜೆ ಡ್ಯೂಟಿ ಮುಗಿದಾಗ ಡಬ್ಬಿಯೊಳಗೆ ಒಂದು ಬಿಳಿ ಮೊಲ ಮುದುಡಿಕೊಂಡು ಇವನನ್ನೇ ನೋಡುತ್ತಿತ್ತು. ಅಲ್ಲಿ ಬಿಟ್ಟರೆ ನಾಯಿಗಳ ಪಾಲು. ಬಗಲಲ್ಲಿಟ್ಟುಕೊಂಡು ಮನೆಗೆ ತಂದ. ಹೆಸರು ಪಾರ್ಸೆಲ್ ಎಂದೇ ನಿಂತಿತು.

ಅಲ್ಲಿಂದ ಅವನ ಸಂಜೆಗಳ ಬಣ್ಣವೇ ಬದಲಾಯಿತು. ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುತ್ತಾನೆ. ಚಾಪೆ ಹಾಸಿ ಕೂತರೆ ಪಾರ್ಸೆಲ್ ಕುಪ್ಪಳಿಸುತ್ತ ಬಂದು ತೊಡೆಯ ಮೇಲೆ ಮುಂಗಾಲು ಊರಿ ನಿಲ್ಲುತ್ತದೆ. ತಟ್ಟೆಯ ಆ ಬದಿ ಖಾರ ಹಚ್ಚಿದ ಮಂಡಕ್ಕಿ ಇವನಿಗೆ, ಈ ಬದಿ ಬರೀ ಮಂಡಕ್ಕಿ ಅದಕ್ಕೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಇಬ್ಬರಿಗೂ. "ಇವತ್ತು ಶಿವಮೊಗ್ಗ ಬಸ್ ಪಂಚರ್ ಆಗಿ ಜನ ಎಲ್ಲಾ ನನ್ ಮೇಲೆ ಬಿದ್ರಪ್ಪಾ. ನಾನೇನು ಟೈರ್ ಕಚ್ಚಿದ್ನಾ?" ಎಂದು ದಿನದ ಸುದ್ದಿ ಹೇಳುತ್ತಾನೆ. ಪಾರ್ಸೆಲ್ ಮೂಗು ಕುಣಿಸುತ್ತ ತಿನ್ನುತ್ತದೆ. ಮೊಲಕ್ಕೆ ಹುಲ್ಲು ಎಂದು ಎಳೆ ಮಗುವಿಗೂ ಗೊತ್ತು, ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ. ಆದರೆ ಎದುರಿಗೆ ಕೂತು ಊಟ ಮಾಡುವ ಜೀವಕ್ಕೆ ಹುಲ್ಲು ಹಾಕಲು ಅವನಿಗೆ ಮನಸ್ಸು ಬರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಕತ್ತು ಸವರುವಾಗ ದವಡೆಯ ಕೆಳಗೆ ಕಡಲೆಯಷ್ಟು ಗಂಟು ಕೈಗೆ ಸಿಕ್ಕಿತು. ನೋಡನೋಡುತ್ತ ಅದು ಅಡಿಕೆಯಷ್ಟು ದಪ್ಪವಾಯಿತು. ಪ್ರೇಮಮ್ಮ ಮುಟ್ಟಿ ನೋಡಿ, "ಕುರು ಕಣ್ರೀ ಇದು. ಈರುಳ್ಳಿ ಸುಟ್ಟು ಅರಿಶಿನ ಹಚ್ಚಿ ಕಟ್ರಿ, ಹಣ್ಣಾಗಿ ಒಡೀತೈತೆ" ಎಂದರು. ಕಟ್ಟಿದ. ಪಾರ್ಸೆಲ್ ಪಟ್ಟಿಯನ್ನು ಕಿತ್ತೆಸೆಯಿತೇ ಹೊರತು ಕುರು ಒಡೆಯಲಿಲ್ಲ. ಊರಿನ ದನದ ಡಾಕ್ಟರು ಕೊಯ್ದು ತೆಗೆದರು. ಮೊಲದ ಕೀವು ಹರಿಯುವಂಥದ್ದಲ್ಲ, ಗಟ್ಟಿ ಬೆಣ್ಣೆಯಂತಿರುತ್ತದೆ; ತಾನಾಗಿ ಹೊರಗೆ ಬರುವುದೇ ಇಲ್ಲ. ಗಾಯ ಮಾಯಿತು, ಕೂದಲೂ ಹುಟ್ಟಿತು. ಸಂಕ್ರಾಂತಿಯ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಗಂಟು. ಪಾಪ, ದವಡೆ ನೋಯುತ್ತದೆಂದು ಮುರುಗೇಶಪ್ಪ ಈಗ ಮಂಡಕ್ಕಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸತೊಡಗಿದ.

"ನನ್ನ ಕೈಲಿ ಇದು ಆಗೋದಲ್ರೀ" ಎಂದು ಡಾಕ್ಟರು ನೇರವಾಗಿ ಹೇಳಿದರು. "ಸವಳಂಗದಾಗೆ ಚೈತ್ರಶ್ರೀ ಅಂತ ಒಬ್ಬ ಮೇಡಮ್ ದವಾಖಾನೆ ಇಟ್ಟಾರೆ. ಅವ್ರಿಗೆ ಮೊಲದ ಕೆಲಸ ಗೊತ್ತೈತೆ."

ವಾರದ ರಜೆಯ ದಿನ, ಮೊಲವನ್ನು ಬುಟ್ಟಿಯಲ್ಲಿಟ್ಟು ನ್ಯಾಮತಿ ಮೇಲೆ ಹೋಗುವ ಬಸ್ಸು ಹತ್ತಿದ. ಚೈತ್ರಶ್ರೀ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ದವಡೆಯನ್ನು ಒತ್ತಿ ನೋಡುತ್ತ, "ಏನು ತಿನ್ನಾಕೆ ಹಾಕ್ತೀರಿ ಸರ್?" ಎಂದು ಕೇಳಿದರು.

ಹಿಂದೆ ಸಾಲಿನಲ್ಲಿ ಮೇಕೆ ಹಿಡಿದುಕೊಂಡವರು, ನಾಯಿ ತಂದವರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಇಷ್ಟು ವಯಸ್ಸಾದ ಗಂಡಸು ಮೊಲದ ಜೊತೆ ಒಂದೇ ತಟ್ಟೆಯಲ್ಲಿ ತಿನ್ನುತ್ತೇನೆಂದು ಅವರೆದುರಿಗೆ ಹೇಗೆ ಹೇಳುವುದು?

"ಹುಲ್ಲು ಮೇಡಮ್" ಎಂದ. ಸುಳ್ಳು, ಶುದ್ಧ ಸುಳ್ಳು!

ಅವರು ನಂಬಿದರು. ಅರಿವಳಿಕೆ ಕೊಟ್ಟು, ಕೀವು ತುಂಬಿದ ಚೀಲವನ್ನೇ ಬುಡಸಮೇತ ಬಿಡಿಸಿ ತೆಗೆದರು, ಗಾಯಕ್ಕೆ ಹೊಲಿಗೆ ಹಾಕಲಿಲ್ಲ. "ಮೇಲೆ ಬೇಗ ಮುಚ್ಚಿಕೊಂಡ್ರೆ ಒಳಗೆ ಮತ್ತೆ ಕೀವು ಕಟ್ಟತೈತೆ. ದಿನಾ ಈ ಔಷಧಿ ನೀರಲ್ಲಿ ತೊಳೀರಿ, ಒಳಗಿಂದ ಮಾಯ್ಕೊಂಡು ಬರಬೇಕು. ಮನುಷ್ಯರ ಮಾತ್ರೆ ಗೀತ್ರೆ ಬಾಯಿಗೆ ಹಾಕಬೇಡ್ರಿ, ಮೊಲಕ್ಕೆ ವಿಷ ಆಗತೈತೆ" ಎಂದು ಹೇಳಿ, ಇಂಜೆಕ್ಷನ್ ಯಾವಾಗ ಕೊಡಿಸಬೇಕೆಂದು ತಿಳಿಸಿ ಕಳಿಸಿದರು.

ಮುರುಗೇಶಪ್ಪ ತೊಳೆದ. ಹೇಗೆ ತೊಳೆದ ಎನ್ನುತ್ತೀರಿ! ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಸೂಜಿಯಿಲ್ಲದ ಸಿರಿಂಜಿನಿಂದ ಹನಿಹನಿಯಾಗಿ ನೀರು ಬಿಡುತ್ತ, "ಆಯ್ತು ಕಂದಾ, ಆಯ್ತು" ಎಂದು ರಮಿಸುತ್ತ. ನಿಲ್ದಾಣದಲ್ಲಿ ತಿಪ್ಪೇಶ್, "ಸಾರ್, ಮೊಲದ ಬಾಣಂತನ ಹೆಂಗೆ ನಡದೈತೆ?" ಎಂದು ಕಾಲೆಳೆದರೆ ಇವನು ನಕ್ಕುಬಿಡುತ್ತಿದ್ದ. ಸಂಜೆಯಾದರೆ ಮತ್ತದೇ ಹಾಲು, ಮಂಡಕ್ಕಿ, ಬಿಸ್ಕತ್ತು. ಕಾಯಿಲೆಯ ಜೀವವೆಂದು ಒಂದು ಹಿಡಿ ಜಾಸ್ತಿಯೇ.

ಯುಗಾದಿ ಬರುವಷ್ಟರಲ್ಲಿ ಗಂಟು ಮತ್ತೆ ಎದ್ದಿತು. ಈ ಸಲ ಪಾರ್ಸೆಲ್ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮಂಡಕ್ಕಿಯನ್ನೂ ಬಾಯಿಗಿಟ್ಟು ಉಗುಳುತ್ತಿತ್ತು. ಮುರುಗೇಶಪ್ಪ ರಜೆ ಹಾಕಿ ಸವಳಂಗಕ್ಕೆ ಓಡಿದ.

ಚೈತ್ರಶ್ರೀ ಈ ಸಲ ಬಾಯಿ ಅಗಲಿಸಿ, ಬೆಳಕು ಹಿಡಿದು ದವಡೆ ಹಲ್ಲುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೊರಗಿದ್ದವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿ ಬಾಗಿಲು ಮುಂದೆ ಮಾಡಿದರು.

"ಇದು ಹುಲ್ಲು ತಿನ್ನೋ ಮೊಲದ ಬಾಯಲ್ಲ ಸರ್. ಮೊಲದ ಹಲ್ಲು ಸಾಯೋವರೆಗೂ ಬೆಳೀತಾವೆ. ಹುಲ್ಲು ಅಗಿದ್ರೆ ಸವೀತಾವೆ, ಮೆತ್ತಗಿಂದೇ ತಿಂದ್ರೆ ಹಿಂಗೆ ಉದ್ದಾಗಿ ಬೇರು ಕೆಳಗೆ ಇಳಿದು ದವಡೆಯೊಳಗೆ ಕೀವು ಮಾಡತಾವೆ. ನಾನು ಎಷ್ಟು ಸಲ ಕೊಯ್ದ್ರೂ ಅಷ್ಟೇ. ಮೂಳೆ ಆಗ್ಲೇ ಕೆಡಾಕೆ ಶುರುವಾಗೈತೆ. ಇನ್ನೊಂದು ಸಲ ಬಂದ್ರೆ ಉಳಿಸಾಕೆ ಆಗಲ್ಲ. ನಿಜ ಹೇಳ್ರಿ, ಏನು ಹಾಕ್ತೀರಿ?"

ಮುರುಗೇಶಪ್ಪ ಎಲ್ಲ ಹೇಳಿದ. ತಲೆ ತಗ್ಗಿಸಿಕೊಂಡು, ಮಂಡಕ್ಕಿ, ಬಿಸ್ಕತ್ತು, ಹಾಲು, ತಟ್ಟೆಯ ಆ ಬದಿ ಈ ಬದಿ, ಎಲ್ಲವನ್ನೂ. ಕೈಯಾರೆ ತಾನೇ ಆ ಜೀವಕ್ಕೆ ರೋಗ ತಿನ್ನಿಸಿದೆನಲ್ಲ ಎಂದುಕೊಳ್ಳುತ್ತ ಮೊಲದ ಬೆನ್ನು ಸವರಿದ.

ಅವರು ಬೈಯಲಿಲ್ಲ. "ಕೆಟ್ಟ ಹಲ್ಲು ತೆಗೀತೀನಿ. ಇನ್ಮೇಲೆ ಹಗಲೂ ರಾತ್ರಿ ಹುಲ್ಲು, ಒಣಹುಲ್ಲು, ಗರಿಕೆ. ಮೊಲ ಉಪವಾಸ ಇರಬಾರದು, ಅದಕ್ಕೆ ಮಂಡಕ್ಕಿ ಒಮ್ಮೆಲೇ ನಿಲ್ಲಿಸಬೇಡ್ರಿ, ದಿನಾ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ಕೊಂಡು ಪೂರ್ತಿ ಬಿಡಿಸ್ರಿ. ಆಮೇಲೆ ನಿಮ್ಮ ತಟ್ಟೆಯಿಂದ ಒಂದು ಕಾಳೂ ಕೊಡಬೇಡ್ರಿ."

"ಹಂಗಾದ್ರೆ ನಾನು ಯಾರ ಜೊತೆ ಉಣ್ಲಿ ಮೇಡಮ್?"

ಬಾಯಿಂದ ಜಾರಿದ ಮೇಲೆಯೇ ತಾನೇನು ಕೇಳಿದೆ ಎಂದು ಅವನಿಗೆ ತಿಳಿದದ್ದು. ಎಂಥ ಡಾಕ್ಟರ ಹತ್ತಿರವಾದರೂ ಅದಕ್ಕೆ ಔಷಧಿ ಎಲ್ಲಿರುತ್ತದೆ? ಚೈತ್ರಶ್ರೀ ಮೊಲವನ್ನು ಎತ್ತಿ ಮೇಜಿನ ಮೇಲೆ ಮಲಗಿಸಿಕೊಂಡರು.

ಪ್ರೇಮಮ್ಮನವರ ತಮ್ಮನ ಗದ್ದೆಯಿಂದ ಗರಿಕೆ ಬಂತು, ಒಣಹುಲ್ಲಿನ ಹೊರೆ ಬಂತು. ಮಂಡಕ್ಕಿ ಒಂದು ಹಿಡಿಯಿಂದ ಚಿಟಿಕೆಗೆ, ಚಿಟಿಕೆಯಿಂದ ಇಲ್ಲವೇ ಇಲ್ಲ ಎನ್ನುವುದಕ್ಕೆ ಇಳಿಯಿತು. ಪಾರ್ಸೆಲ್ ಎದುರಿಗೆ ನಿಂತು ಬೇಡಿದರೆ ತನ್ನ ಕೈ ತಡೆಯಲಾರದು ಎಂದು ಮುರುಗೇಶಪ್ಪ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿಂತೇ ತಿನ್ನತೊಡಗಿದ. ಹೊರಗಿನಿಂದ ಅದು ಬಾಗಿಲನ್ನು ಪರಪರ ಕೆರೆಯುತ್ತಿತ್ತು. ಒಳಗೆ ಈ ದೊಡ್ಡ ಮನುಷ್ಯ ಬಾಯಿಯ ತುಂಬ ಮಂಡಕ್ಕಿ ಇಟ್ಟುಕೊಂಡು ಅಳುತ್ತಿದ್ದ. "ಬ್ಯಾಡ ಕಣೋ, ಬ್ಯಾಡ. ಸಾಯ್ತೀಯ ಕಣೋ" ಎನ್ನುತ್ತಿದ್ದ. ಮೊಲದ ಕಣ್ಣು ತಪ್ಪಿಸಿ ಊಟ ಮಾಡುವ ಕರ್ಮ ಯಾವ ಶತ್ರುವಿಗೂ ಬೇಡ.

ಮಳೆಗಾಲ ಶುರುವಾಗುವ ಹೊತ್ತಿಗೆ ಗಾಯ ಒಳಗಿನಿಂದಲೇ ತುಂಬಿಕೊಂಡು ಬಂತು. ಬಾಗಿಲು ಕೆರೆಯುವ ಸದ್ದೂ ನಿಂತಿತು. ಸವಳಂಗಕ್ಕೆ ತೋರಿಸಲು ಒಯ್ದಾಗ ಚೈತ್ರಶ್ರೀ ದವಡೆಯನ್ನು ಒತ್ತಿ ಒತ್ತಿ ನೋಡಿ, "ಗೆದ್ರಿ ಸರ್ ನೀವು. ಇನ್ನು ಹಿಂಗೇ ನಡೆಸ್ಕೊಂಡು ಹೋಗ್ರಿ" ಎಂದು ನಕ್ಕರು. ಬಸ್ಸಿನಲ್ಲಿ ನ್ಯಾಮತಿ ದಾಟುವವರೆಗೂ ಅವನ ಕೈ ಬುಟ್ಟಿಯೊಳಗೇ ಇತ್ತು. ಪಾರ್ಸೆಲ್‌ನ ದವಡೆ ಅಂಗೈಯಷ್ಟು ಸಪಾಟಾಗಿತ್ತು.

ಆ ಸಂಜೆ ಬಜ್ಜಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದು, ಎಷ್ಟೋ ಕಾಲದ ಮೇಲೆ ಕೋಣೆಯ ನಡುವೆ ಚಾಪೆ ಹಾಸಿ ಕೂತ. ಬಂದರೆ ಗಟ್ಟಿ ಮನಸ್ಸು ಮಾಡಿ ಕೊಡುವುದಿಲ್ಲ, ತಲೆ ಮಾತ್ರ ಸವರುತ್ತೇನೆ ಎಂದುಕೊಂಡಿದ್ದ. ಪೊಟ್ಟಣ ಬಿಚ್ಚಿದ ಸದ್ದಿಗೆ ಪಾರ್ಸೆಲ್ ಒಮ್ಮೆ ಕಿವಿ ಎತ್ತಿತು. ಇವನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕಾದ. ಅದು ಕಿವಿ ಇಳಿಸಿ, ಇವನಿಗೆ ಬೆನ್ನು ಮಾಡಿ, ಮೂಲೆಯ ಹುಲ್ಲಿಗೆ ಬಾಯಿ ಹಾಕಿತು. ಕರಕರ, ಕರಕರ, ಒಳ್ಳೆ ಆರೋಗ್ಯವಂತ ಹಲ್ಲಿನ ಸದ್ದು.

"ಉಣ್ಣಪ್ಪಾ" ಎಂದ ಮುರುಗೇಶಪ್ಪ. "ನಿಂದು ನೀನು ಉಣ್ಣು." ಮನಸ್ಸಿಗೆ ಸಂತೋಷವೇ ಆಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಮಂಡಕ್ಕಿಯನ್ನು ತಟ್ಟೆಯ ಆ ಬದಿಗಷ್ಟೇ ಸುರಿದುಕೊಂಡು ತಿಂದ, ಈ ಬದಿ ಖಾಲಿಯೇ ಉಳಿಯಿತು.