ಅಂಡಮಾನಿಗೆ ಹೊರಟ ಹುಟ್ಟುಗೋಲು

ಶಹಾಪುರದ ನಮ್ಮ ಓಣಿಗೆ ಬೆಳಿಗ್ಗೆಯಿಂದ ಡಾಂಬರು ಹಾಕುತ್ತಿದ್ದಾರೆ. ಕಿಟಕಿ ಮುಚ್ಚಿ ಎಂದು ಹೆಂಡತಿ ಹೇಳಿದಳು, ನಾನು ಮುಚ್ಚಲಿಲ್ಲ. ನಿಮಗೆ ಆ ವಾಸನೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಬೇಸಿಗೆ ರಜೆಯ ವಾಸನೆ. ಕೈಯಲ್ಲಿನ ಮೊಬೈಲಿನಲ್ಲಿ ಅಂಡಮಾನಿನ ನಕಾಶೆ ತೆರೆದಿದ್ದೆ, ಮನಸ್ಸು ಮಾತ್ರ ಕೃಷ್ಣೆಯ ದಂಡೆಗೆ ಹೋಗಿ ಕೂತಿತು.

ಕೊಡೇಕಲ್ ಸೀಮೆಯಲ್ಲಿ, ಹೊಳೆಯ ದಂಡೆಗೆ, ನನ್ನ ಸೋದರತ್ತೆ ಗಂಗವ್ವ ಹರಗೋಲು ನಡೆಸುತ್ತಿದ್ದಳು. ಅಂಬಿಗರ ಮನೆ ನಮ್ಮದು. ಗಂಡ ತೀರಿಕೊಂಡ ಮೇಲೆ ಹುಟ್ಟುಗೋಲು ಅವಳ ಕೈಗೆ ಬಂತು, ಬಂದದ್ದು ಮತ್ತೆ ಯಾರ ಕೈಗೂ ಹೋಗಲಿಲ್ಲ. ಬೇಸಿಗೆ ಬಂತೆಂದರೆ ಬಿದಿರಿನ ಆ ದುಂಡನೆಯ ದೋಣಿಯನ್ನು ಬೋರಲು ಹಾಕಿ, ತಳಕ್ಕೆ ಕಾಸಿದ ಡಾಂಬರು ಬಳಿಯುತ್ತಿದ್ದಳು. ದರ್ಶನಕ್ಕೆ ಹೋಗುವ ಮಂದಿ, ಬೀಜದ ಚೀಲ, ಆಡು, ಒಮ್ಮೆ ಬಾಸಿಂಗ ಕಟ್ಟಿಕೊಂಡ ಮದುಮಗ, ಎಲ್ಲರನ್ನೂ ಆಚೆ ಮುಟ್ಟಿಸಿದವಳು ಅವಳೇ. ರಜೆಗೆ ಹೋದ ನಾನು ಮಾತ್ರ ನಟ್ಟನಡುವೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿಬಿಡುತ್ತಿದ್ದೆ. ಅಂಬಿಗರ ಕುಲದಲ್ಲಿ ಇಂಥವನು ಹೇಗೆ ಹುಟ್ಟಿದನೋ ಎಂದು ದಂಡೆಯ ಮೇಲಿದ್ದವರು ನಗುತ್ತಿದ್ದರು.

ಒಂದು ರಜೆಯಲ್ಲಿ ಹರಗೋಲಿನಲ್ಲಿ ಕೂತು, ಮುಚ್ಚಿದ ಕಣ್ಣಲ್ಲೇ, ಅವಳಿಗೆ ಅಂಡಮಾನಿನ ಪಾಠ ಬಾಯಿಪಾಠ ಹೇಳಿದೆ. ದಂಡೆಗೆ ಬಂದು ತತ್ತಿ ಇಡುವ ದೊಡ್ಡ ಆಮೆಗಳು, ತೆಂಗಿನ ಮರ ಹತ್ತುವ ಏಡಿ, ಮೊಸಳೆ, ನೀರಿನ ತಳದಲ್ಲಿ ಹುಲ್ಲು ಮೇಯುವ ಕಡಲಹಸು. ಮೊಸಳೆಗೆ ಅತ್ತೆ ಸೊಪ್ಪು ಹಾಕಲಿಲ್ಲ, ಅದು ನಮ್ಮ ಹೊಳೆಯಲ್ಲೂ ಇದೆಯಲ್ಲ. ಕಡಲಹಸುವಿನ ಮಾತಿಗೆ ಹುಟ್ಟು ನಿಂತಿತು.

"ಅದರ ಹಾಲು ಕರೀತಾರೇನು?"

"ಇಲ್ಲತ್ತಿ."

"ಮತ್ತ ಆಕಳ ಅಂತ ಯಾಕ ಅಂತಾರ? ನಡಿ, ಒಮ್ಮೆ ಹೋಗಿ ನೋಡೇ ಬರೂನು."

ಅಂದಿನಿಂದ ನಮ್ಮ ತಯಾರಿ ನಡೆಯಿತು. ಕೃಷ್ಣೆ ಹೇಗೂ ಸಮುದ್ರಕ್ಕೆ ಹೋಗುತ್ತಾಳೆ, ಅವಳ ಹಿಂದೆಯೇ ಹೋದರಾಯಿತು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಮಳೆಗಾಲದಲ್ಲಿ ಬೇಡ, ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೊರಡುವುದು. ಸಮುದ್ರವೂ ಬೇಸಿಗೆಗೆ ಸೊಂಟದ ಮಟ್ಟಕ್ಕೆ ಇಳಿಯುತ್ತದೆಂದು ನಾವಿಬ್ಬರೂ ಪೂರಾ ನಂಬಿದ್ದೆವು. ಮುಂದೆ ನಾನು ಭೂಗೋಳದ ಮಾಸ್ತರನಾದೆ. ಸಮುದ್ರದ ಮೋರೆಯನ್ನೇ ನೋಡದೆ, ನೀಲಿ ಸೀಮೆಸುಣ್ಣದಲ್ಲಿ ನಿವೃತ್ತಿಯವರೆಗೂ ಸಮುದ್ರ ಬರೆದೆ.

ಈ ನಡುವೆ ಹೊಳೆಗೆ ಸೇತುವೆ ಬಂತು, ಹರಗೋಲು ದಂಡೆ ಹತ್ತಿತು. ಮೊಣಕಾಲು ನೋವಿಗೆ ಈಗ ಅತ್ತೆ ನಮ್ಮ ಮನೆಯಲ್ಲೇ ಇದ್ದಾಳೆ, ಹುಟ್ಟುಗೋಲು ಬಾಗಿಲ ಸಂದಿಯಲ್ಲಿದೆ. ಆ ಕಾಲು ಪೂರ್ತಿ ಸೋಲುವ ಮೊದಲು ಅವಳನ್ನು ಅಂಡಮಾನಿಗೆ ಮುಟ್ಟಿಸಬೇಕೆಂದು ನನ್ನ ಹಟ. ಯಾದಗಿರಿಯಿಂದ ಚೆನ್ನೈಗೆ ರೈಲು, ಅಲ್ಲಿಂದ ಹಡಗು. ಅತ್ತೆಯನ್ನು ಸಮುದ್ರಕ್ಕೆ ಒಯ್ಯುತ್ತಿದ್ದೇನೆಂದು ಊರ ತುಂಬ ಹೇಳಿಕೊಂಡೂ ಬಂದೆ.

ಆದರೆ ಅತ್ತೆ ಒಲ್ಲೆ ಎಂದು ಕೂತಳು. ನಮ್ಮಲ್ಲಿ ಒಂದು ಪದ್ಧತಿ ಇದೆ: ಅಂಬಿಗರು ಇನ್ನೊಬ್ಬರ ದೋಣಿ ಹತ್ತಿದರೆ ಒಂದಿಷ್ಟು ದೂರವಾದರೂ ಹುಟ್ಟು ಹಾಕಿ ಕೊಡಬೇಕು. ಹಡಗಿಗೆ ಇಂಜಿನ್ ಇರುತ್ತದೆ ಎಂದೆ. ದ್ವೀಪದಿಂದ ದ್ವೀಪಕ್ಕೂ ಇಂಜಿನ್ನೇ ಎಂದೆ.

"ಚೀಲ ಕುಂತಂಗ ಕುಂತು ನೀರು ದಾಟೂದು ನಮ್ಮ ಮನಿತನದಾಗಿಲ್ಲ ತಮ್ಮಾ. ಎಲ್ಲೆರೆ ಒಂದ ಕಡೆ ಹುಟ್ಟು ಕೈಗಿ ಕೊಟ್ರ ಬರ್ತೀನಿ. ಇಲ್ಲಂದ್ರ ನೀನ ನೋಡಿ ಬಾ."

ಹುಡುಕಿದೆ. ಅಲ್ಲಿನ ಒಂದು ದ್ವೀಪದಲ್ಲಿ, ಉಪ್ಪುನೀರಿನಲ್ಲಿ ಬೇರೂರಿದ ಕಾಡಿನ ನಡುವೆ ಇಂಜಿನ್ ಇಲ್ಲದ ಕೈದೋಣಿ ನಡೆಸುವವನೊಬ್ಬನ ನಂಬರು ಸಿಕ್ಕಿತು. ನಿನ್ನೆ ಫೋನು ಮಾಡಿದೆ. ಹಕ್ಕಿ ತೋರಿಸುತ್ತೇನೆ, ಕಡಲಹಸು ಮಾತ್ರ ನಿಮ್ಮ ನಸೀಬು ಎಂದ. ಹುಟ್ಟಿನ ಮಾತೆತ್ತಿದ್ದೇ ತಡ, ವಯಸ್ಸಾದವರು ಮುಂದೆ ಸುಮ್ಮನೆ ಕೂತು ನೋಡಲಿ ಎಂದುಬಿಟ್ಟ. ಅತ್ತೆ ಫೋನು ಕಸಿದುಕೊಂಡಳು. ಸುರಪುರದ ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ, ನಿನಗೆ ಹುಟ್ಟು ಹಿಡಿಯಲು ಕಲಿಸಿದವರು ಯಾರೆಂದು ಕೇಳಿದಳು. ಅಪ್ಪ ಎಂದ. ಅಪ್ಪ ಮುದುಕನಾಗಿ ನಿನ್ನ ದೋಣಿ ಹತ್ತಿದರೆ ಅವನಿಗೂ ಸುಮ್ಮನೆ ಕೂಡು ಅನ್ನುತ್ತೀಯಾ ಎಂದಳು. ಆಗ ಅವನು, ಬನ್ನಿ ಅಮ್ಮ, ಹುಟ್ಟು ನಿಮ್ಮದು, ನಾನು ಕೂತಿರುತ್ತೇನೆ ಎಂದ. ಇಂಥವಳ ಸೋದರಳಿಯ ನಾನು ಎಂಬ ಹೆಮ್ಮೆಗೆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಹೋದವು.

ಈಗ ಟಿಕೆಟು ಮಾಡಿಸಿ ತಲೆ ಎತ್ತಿದರೆ ಮನೆಯಲ್ಲಿ ಅತ್ತೆಯೂ ಇಲ್ಲ, ಬಾಗಿಲ ಸಂದಿಯಲ್ಲಿ ಹುಟ್ಟುಗೋಲೂ ಇಲ್ಲ. ಹೊರಗೆ ಓಡಿದೆ. ಅತ್ತೆ ಡಾಂಬರಿನವರ ಎದುರು ಕೂತು, ಒಂದು ಕರಟದಲ್ಲಿ ಡಾಂಬರು ಇಸಿದುಕೊಂಡು, ಹುಟ್ಟಿನ ತುದಿಯ ಬಿರುಕಿಗೆ ಕಡ್ಡಿಯಿಂದ ತುಂಬುತ್ತಿದ್ದಾಳೆ.

"ಈ ಅವ್ವನ್ನ ಎಲ್ಲಿಗಿ ಒಯ್ಯಾಕತ್ತೀರಿ ಸರ?" ಕೂಲಿಯವನು ಕೇಳಿದ.

ಊರೆಲ್ಲ ಹೇಳಿಕೊಂಡು ಬಂದ ಉತ್ತರ ಯಾಕೋ ಬಾಯಿಗೆ ಬರಲಿಲ್ಲ.

"ನಾ ಒಯ್ಯಾಕತ್ತಿಲ್ಲಪ್ಪ," ಎಂದೆ. "ನಮ್ಮತ್ತಿನೇ ನನ್ನನ್ನ ಅಂಡಮಾನಕ್ಕ ಒಯ್ಯಾಕತ್ತಾಳ."

ಅತ್ತೆ ಬಿರುಕಿನಿಂದ ಕಣ್ಣು ತೆಗೆಯಲಿಲ್ಲ.

"ಒಯ್ತೀನಿ," ಎಂದಳು. "ಈ ಸಲಾರೆ ಕಣ್ಣ ತಗದು ಕುಂದ್ರು."