ರಸ್ತೆಗಿಳಿದ ಹೊಲಿಗೆ ಮೆಷಿನ್

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ: ಕಿಟಕಿಯ ಪಕ್ಕ ತುಳಿಯುವ ಮೆಷಿನ್, ಗೋಡೆಗೆ ಕನ್ನಡಿ, ಮೂಲೆಯಲ್ಲೊಂದು ಪರದೆ. ಹಾಕಿ ನೋಡದೆ ಒಬ್ಬರಿಗೂ ಬಟ್ಟೆ ಕೊಟ್ಟವಳಲ್ಲ. "ಮನೇಲಿ ನೋಡ್ಕೋತೀನಿ, ಕೊಡಿ" ಎಂದರೆ, "ಮನೇಲಿ ಕೂತು ನನ್ನ ಬೈಕೋತೀರ. ಇಲ್ಲೇ ಟ್ರಯಲ್ ನೋಡಿ, ಎದುರಿಗೇ ಬೈರಿ" ಎನ್ನುವಳು. ಗಿರಾಕಿಗಳು ಗೊಣಗಿಕೊಂಡೇ ಪರದೆಯ ಹಿಂದೆ ಹೋಗುತ್ತಿದ್ದರು.

ಒಬ್ಬಳೇ ಮಗಳಿಗೆ ಹದಿನೈದು. ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಕೈಗಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕಕ್ಕೆ ಕುರ್ಚಿ ಬಂದರೆ ತಾನೇ ಜಾರಿಕೊಂಡು ಕೂರಬಲ್ಲಳು. ಆದರೆ ಮನೆಯೆದುರು ಅಷ್ಟು ಜಾಗ ಸಿಕ್ಕರಲ್ಲವೇ? ಅಲ್ಲಿ ಕಂಡವರ ಕಾರುಗಳು ಒತ್ತೊತ್ತಾಗಿ ನಿಂತಿರುತ್ತಿದ್ದವು. ಅಪ್ಪ ಬೀದಿಯ ಕೊನೆಯಲ್ಲಿ ಕಾರು ನಿಲ್ಲಿಸುತ್ತಿದ್ದ. ಕಿತ್ತುಹೋದ ಕಾಲುದಾರಿಯಲ್ಲಿ ಕುರ್ಚಿ ಓಡದ್ದರಿಂದ ಮಗಳನ್ನು ಎತ್ತಿಕೊಂಡೇ ಬರುತ್ತಿದ್ದ. ಒಂದು ಸಂಜೆ ಅವಳ ಕ್ಲಾಸಿನ ಹುಡುಗಿಯರು ಎದುರಾದರು. ಅವರೇನೂ ನಗಲಿಲ್ಲ, ಸುಮ್ಮನೆ ದಾರಿ ಬಿಟ್ಟು ನಿಂತರು. ಮನೆಗೆ ಬಂದವಳೇ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇನ್ಮೇಲೆ ನನ್ನ ಯಾರೂ ಎತ್ತಬೇಡಿ. ನಾನೇ ಇಳಿಯೋ ಹಾಗಾದ್ರೆ ಸ್ಕೂಲು. ಇಲ್ಲಾಂದ್ರೆ ಮನೆ." ಮರುದಿನದಿಂದ ಅವಳ ಚೀಲ ಗೂಟದಲ್ಲೇ ನೇತಾಡಿತು.

ಮನೆಯೆದುರು ಮಗಳಿಗಾಗಿ ಅಂಗವಿಕಲರ ಪಾರ್ಕಿಂಗ್ ಜಾಗ ಗುರುತಿಸಿಕೊಡಿ ಎಂದು ಟೈಲರಮ್ಮ ನಗರಸಭೆಗೆ ಅಲೆದು ಚಪ್ಪಲಿ ಸವೆಸಿದಳು. ಗುಮಾಸ್ತ ಕಡತದಿಂದ ತಲೆಯೆತ್ತದೆ ಕೇಳಿದ: "ಮಗು ಗಾಡಿ ಓಡಿಸುತ್ತಾ?"

"ಇಲ್ಲ ಸರ್."

"ಮತ್ತೆ? ಆ ಜಾಗ ಓಡಿಸೋರಿಗೆ."

"ಓಡಿಸಲ್ಲ ಸರ್, ಇಳೀತಾಳೆ. ಜಾಗ ಬೇಕಾಗಿರೋದು ಇಳಿಯೋಕೆ."

ಗುಮಾಸ್ತನಿಗೆ ಇದು ಹೊಸ ವಿಚಾರ. ನಾಳೆ ಬನ್ನಿ ಎಂದ. ಅವಳು ನಾಳೆಯೂ ಹೋದಳು, ನಾಡಿದ್ದೂ ಹೋದಳು. ಅವನ ಎದುರಿನ ಬೆಂಚಿನಲ್ಲೇ ಗಿರಾಕಿಗಳ ಅಂಗಿಗೆ ಬಟನ್ ಹಾಕುತ್ತ ಕೂತಳು. ಇವಳ ಕಾಟ ತಪ್ಪಿದರೆ ಸಾಕೆಂದೋ ಏನೋ, ಎರಡು ತಿಂಗಳಿಗೆ ಮಂಜೂರಾಯಿತು.

ಬಣ್ಣದ ಮೇಸ್ತ್ರಿ ಬಂದು ಮನೆಯೆದುರು ಹಳದಿ ಗೆರೆ ಎಳೆದು, ನಡುವೆ ಗಾಲಿಕುರ್ಚಿಯ ಚಿತ್ರ ಬರೆದ. ಖುಷಿಯಿಂದ ಹೊರಬಂದ ಟೈಲರಮ್ಮ ಹಾಗೇ ನಿಂತುಬಿಟ್ಟಳು. ಕೊರಳಿನ ಟೇಪು ತೆಗೆದು ನೆಲಕ್ಕೆ ಹಿಡಿದಳು. ಬೇರೆ ಕಾರುಗಳಿಗೆ ಎಷ್ಟು ಅಗಲವೋ ಇದಕ್ಕೂ ಅಷ್ಟೇ. ಪಕ್ಕದಲ್ಲಿ ಇನ್ನೊಂದು ಕಾರು ನಿಂತರೆ ಬಾಗಿಲು ಅರ್ಧವೂ ತೆರೆಯದು, ಕುರ್ಚಿ ಎಲ್ಲಿಂದ ಬರಬೇಕು? ಕುರ್ಚಿಯ ಚಿತ್ರ ಬರೆಸಿದವರು ಕುರ್ಚಿಯನ್ನೇ ಮರೆತಿದ್ದರು.

"ಕಾಗದದಲ್ಲಿ ಇರೋದು ಇಷ್ಟೇ ಅಕ್ಕ" ಎಂದ ಮೇಸ್ತ್ರಿ.

ಅವಳು ಈ ಸಲ ಕಚೇರಿಗೆ ಹೋಗಲಿಲ್ಲ. ಮರುದಿನ ಪಕ್ಕದ ಮನೆಯ ಯಜಮಾನನ ಕಾರು ಹೊರಟದ್ದೇ ತಡ, ಗಂಡನನ್ನು ಕರೆದು ಮೆಷಿನ್ನಿನ ಇನ್ನೊಂದು ತುದಿ ಹಿಡಿಸಿದಳು. ಹಳದಿ ಗೆರೆಯ ಹೊರಗೆ, ಕಮ್ಮಿಬಿದ್ದ ಜಾಗದಲ್ಲೇ ಇಟ್ಟು, ಟಕಟಕ ಹೊಲಿಯಲು ಕೂತಳು. ಗಿರಾಕಿಗಳು ರಸ್ತೆಯಲ್ಲೇ ಅಳತೆ ಕೊಟ್ಟರು. ರಾತ್ರಿ ಮೆಷಿನ್ ಒಳಗೆ ಹೋದರೆ, ವೈರಿಂಗ್ ಕೆಲಸದ ಗಂಡನ ಏಣಿ ಅಲ್ಲಿ ಅಡ್ಡ ಮಲಗುತ್ತಿತ್ತು.

ಯಜಮಾನ ಕೆಂಡಾಮಂಡಲವಾದ. "ಇದು ಗಾಡಿ ನಿಲ್ಸೋ ಜಾಗ, ಅಂಗಡಿಯಲ್ಲ!"

"ನಾನೂ ನಿಲ್ಸಿದೀನಣ್ಣ. ನಿಮ್ಮದಕ್ಕೆ ನಾಲ್ಕು ಚಕ್ರ, ನಂದಕ್ಕೆ ಎರಡು."

ಅವನು ದೂರು ಕೊಟ್ಟ. ಅವಳ ಅರ್ಜಿಗೆ ಎರಡು ತಿಂಗಳು ತೆಗೆದುಕೊಂಡ ಕಚೇರಿ ಅವನ ದೂರಿಗೆ ಎರಡೇ ದಿನದಲ್ಲಿ ಜೀಪು ಕಳಿಸಿತು. ಟೈಲರಮ್ಮನಿಗೂ ಬೇಕಾದದ್ದು ಅದೇ. ಜೀಪಿನಿಂದ ಎಂಜಿನಿಯರ್ ಇಳಿದರು, ಹಿಂದೆಯೇ ಬಣ್ಣದ ಡಬ್ಬಿ ಹಿಡಿದ ಮೇಸ್ತ್ರಿ.

"ಮೆಷಿನ್ ಎತ್ತಮ್ಮ. ಜಾಗ ಕೊಟ್ಟಾಯ್ತಲ್ಲ, ಇನ್ನೇನು?"

"ಕೊಟ್ರಿ ಸರ್, ಟ್ರಯಲ್ ನೋಡ್ಲಿಲ್ಲ. ನಾನು ಹಾಕಿ ನೋಡ್ದೆ ಒಂದು ಅಂಗಿ ಕೊಡಲ್ಲ. ಇರಿ, ಹಾಕ್ಕೊಳೋಳನ್ನ ಕರೀತೀನಿ."

ಮೆಷಿನ್ ಒಳಗೆ ಹೋಯಿತು. ಗಂಡ ಕಾರು ತಂದು ಹಳದಿ ಗೆರೆಯೊಳಗೆ ನಿಲ್ಲಿಸಿದ. ಪಕ್ಕ ಖಾಲಿಯಿದ್ದುದರಿಂದ ಮಗಳು ಸಲೀಸಾಗಿ ಹತ್ತಿ ಕೂತು ಬಾಗಿಲು ಹಾಕಿಕೊಂಡಳು. "ಈಗ ನಿಮ್ಮ ಕಾರು ತನ್ನಿ" ಎಂದಳು ಟೈಲರಮ್ಮ ಯಜಮಾನನಿಗೆ. ಅವನು ಗೆದ್ದೆನೆಂದುಕೊಂಡು, ಎಂದಿನ ಹಾಗೆ ಒತ್ತಿಯೇ ನಿಲ್ಲಿಸಿದ.

ಮಗಳು ಬಾಗಿಲು ತಳ್ಳಿದಳು. ಒಂದು ಗೇಣು ತೆರೆದು ಟಕ್ಕೆಂದಿತು. "ಅಯ್ಯೋ, ನನ್ನ ಕಾರು!" ಎಂದು ಯಜಮಾನ ಕಿರುಚಿದ.

"ಸರ್, ಈಗ ಎಲ್ಲಿಂದ ಇಳೀಲಿ?" ಕಿಟಕಿಯಿಂದ ಮಗಳು ಕೇಳಿದಳು.

"ಅಪ್ಪ ಎತ್ಕೊಳ್ಲಿ ಬಿಡಮ್ಮ, ಅದಕ್ಕೇನಂತೆ" ಎಂದರು ಎಂಜಿನಿಯರ್.

ಜನ ಸೇರಿದ್ದರು. ಹದಿನೈದು ವರ್ಷ ಮಗಳನ್ನು ಹೊತ್ತ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಅವಳು ಬೇಡ ಅಂದಿದಾಳೆ ಸರ್."

"ಪರವಾಗಿಲ್ಲ, ನಾನು ಇಲ್ಲೇ ಕೂತಿರ್ತೀನಿ. ಪುಸ್ತಕ ತಂದಿದೀನಿ" ಎಂದು ಮಗಳು ನಿಜವಾಗಿಯೂ ಓದತೊಡಗಿದಳು. ಬಿಸಿಲು ಏರಿತು. ಎಂಜಿನಿಯರ್ ಗಡಿಯಾರ ನೋಡಿದರು, ಬೆವರು ಒರೆಸಿಕೊಂಡರು. ಅವಳು ಪುಟ ಮಗುಚಿದಳು. ಇವತ್ತು ಸೋತರೆ ಆ ಚೀಲ ಮತ್ತೆ ಗೂಟದಿಂದ ಇಳಿಯುವುದಿಲ್ಲವೆಂದು ಟೈಲರಮ್ಮನಿಗೆ ಗೊತ್ತಿತ್ತು. ಆದರೂ ಜಗ್ಗಲಿಲ್ಲ.

"ಇನ್ನೂ ಎಷ್ಟು ಬೇಕಮ್ಮ?" ಎಂದರು ಎಂಜಿನಿಯರ್ ಕೊನೆಗೆ.

"ನಲವತ್ತೆಂಟು ಇಂಚು."

"ಆಯ್ತು, ಮೇಲಕ್ಕೆ ಬರೆದು ಕಳಿಸ್ತೀನಿ."

"ಬರೀರಿ ಸರ್. ಬರೆದು ಮುಗಿಯೋವರೆಗೆ ಅವಳು ಒಳಗಿರ್ತಾಳೆ, ನಾವು ಇಲ್ಲಿರ್ತೀವಿ, ನೀವೂ ಇರಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಎಂಜಿನಿಯರ್ ಮೇಸ್ತ್ರಿಯ ಕಡೆ ತಿರುಗಿ, "ಎಳೆಯಪ್ಪ" ಎಂದರು. ಯಜಮಾನ ದುಮುಗುಟ್ಟುತ್ತ ಕಾರು ಹಿಂದೆಗೆದ. ಟೈಲರಮ್ಮ ಮಂಡಿಯೂರಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ರಸ್ತೆಯ ಮೇಲೆ ಗೆರೆ ಹಾಕಿಕೊಟ್ಟಳು. ಮೇಸ್ತ್ರಿ ಅದರ ಮೇಲೆಯೇ ಬಣ್ಣ ಎಳೆದು, ಒಳಗೆ ಓರೆ ಪಟ್ಟೆ ತುಂಬಿದ.

ಬಾಗಿಲು ಪೂರ್ತಿ ತೆರೆಯಿತು. ಟೈಲರಮ್ಮ ಕುರ್ಚಿ ತಂದು ಪಕ್ಕಕ್ಕೆ ಹಚ್ಚಿದಳು.

"ತಡೀರಿ, ಬಣ್ಣ ಒಣಗಿಲ್ಲ!" ಮೇಸ್ತ್ರಿ ಕೂಗಿದ.

"ನಾನು ಕಾದಿದ್ದು ಸಾಕು" ಎಂದಳು ಮಗಳು.

ಅಪ್ಪನ ಕೈಗಳು ಅಭ್ಯಾಸಬಲದಿಂದ ಮುಂದೆ ಬಂದಿದ್ದವು.

"ಅಪ್ಪ, ಕೈ ತೆಗಿ."

ಅವನು ತೆಗೆದ. ಮಗಳು ಸೀಟಿಗೆ ಅಂಗೈ ಊರಿ, ಹಲ್ಲು ಕಚ್ಚಿ, ಜಾರಿ ಕುರ್ಚಿಗೆ ಬಂದಳು. ಚಕ್ರ ತಳ್ಳಿಕೊಂಡು ಹಸಿ ಬಣ್ಣದ ಮೇಲೆಯೇ ಹೊರಟಳು. ಮನೆಯ ಬಾಗಿಲವರೆಗೂ ಎರಡು ಹಳದಿ ಗೆರೆ ಬಿದ್ದವು. ಅವನ್ನು ಒರೆಸಲು ಟೈಲರಮ್ಮ ಯಾರಿಗೂ ಬಿಡಲಿಲ್ಲ.